ಮೇಜಿನ ಮೇಲೆ ನಾಲ್ಕು ತಟ್ಟೆ

"ಕುಳಿತುಕೊಳ್ಳಿ ಮೇಡಂ, ಆಡಿ. ಪೂರ್ತಿ ಮುಗಿಸಿದರೆ ನಾನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ" ಎಂದು ಸುಕೇಶ್ ಕುರ್ಚಿಯನ್ನು ಎಳೆದುಕೊಟ್ಟ.

ಮನೋರಮಾ ಕುಳಿತಳು. ಅವನ ಚಪ್ಪಾಳೆ ಅವಳಿಗೆ ಬೇಕಿರಲಿಲ್ಲ, ಕುರ್ಚಿ ಬೇಕಿತ್ತು. ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ಮನುಷ್ಯ ಅವಳನ್ನು ಇಂಥದೇ ಒಂದು ಕುರ್ಚಿಯಿಂದ ಎಬ್ಬಿಸಿದ್ದ.

ಮಣಿಪಾಲದ ಮೂರನೇ ಮಹಡಿಯ ಸುಕೇಶನ ಕಚೇರಿಯಲ್ಲಿ ಈಗ ಬೆಳಗಿನ ಹನ್ನೊಂದು ಗಂಟೆ. ಕಿಟಕಿಯಾಚೆ ಮಾರ್ಚಿನ ಬಿಸಿಲಲ್ಲಿ ಸ್ವರ್ಣಾ ನದಿಯ ಕಣಿವೆ, ಈಚೆ ಗಾಜಿನ ಮೇಜು. ಮೇಜಿನ ಮೇಲೆ ಒಂದು ಕಂಪ್ಯೂಟರ್, ಒಂದು ಕಾಗದ. ಕಂಪ್ಯೂಟರಿನಲ್ಲಿ 'ಬಂಡೆಯ ದೀಪ' ಎಂಬ ಹಳೆಯ ಆಟ ಹೊಸ ಬಣ್ಣ ಬಳಿದುಕೊಂಡು ಕಾದಿತ್ತು. ಕಾಗದದಲ್ಲಿದ್ದದ್ದು, 'ಈ ಆಟದ ಮೇಲೆ ನಮ್ಮ ಕುಟುಂಬಕ್ಕೆ ಯಾವ ಹಕ್ಕೂ ಇಲ್ಲ' ಎಂಬ ನಾಲ್ಕು ಸಾಲು. ಅದಕ್ಕೆ ಸಹಿ ಹಾಕಬೇಕಾದ ಕಲ್ಯಾಣಪುರದ ಸೆಲೀನ್ ಸೋಫಾದ ತುದಿಯಲ್ಲಿ ಬ್ಯಾಗನ್ನು ಅಪ್ಪಿಕೊಂಡು ಕುಳಿತಿದ್ದರು. ಅವರು ನೆವಿಲ್‌ನ ಅಕ್ಕ.

ನೆವಿಲ್‌ನ ಚಪ್ಪಲಿ 1997ರ ಅಕ್ಟೋಬರಿನಲ್ಲಿ ಕಾಪುವಿನ ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಸಿಕ್ಕಿತ್ತು, ಅವನು ಸಿಕ್ಕಿರಲಿಲ್ಲ. ಅದೇ ದಿನ ಅವನೂ ಸುಕೇಶನೂ ಕೆಲಸ ಮಾಡುತ್ತಿದ್ದ ಕಾರ್ಕಳದ ಕಂಪ್ಯೂಟರ್ ಸೆಂಟರಿನ ಹಾರ್ಡ್ ಡಿಸ್ಕ್ ಮಾಯವಾಗಿತ್ತು. ಪೊಲೀಸರು 'ಮುಳುಗಿ ಸತ್ತ' ಎಂದು ಬರೆದು ಫೈಲು ಮುಚ್ಚಿದರು, ಊರಿನವರು 'ಕಳ್ಳ' ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಸೆಲೀನ್ ಎರಡನ್ನೂ ಒಪ್ಪಲಿಲ್ಲ. ಈಗ ನೆವಿಲ್ ಬರೆದ ಆಟವೇ ಸುಕೇಶನ ಹೆಸರು ಹೊತ್ತು ಹೊರಬರುತ್ತಿದೆ ಎಂದು ತಿಳಿದ ದಿನ ಅವರು ಉಡುಪಿಗೆ ಬಂದು, ಬೇಕರಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿ ಕಚೇರಿ ಇಟ್ಟುಕೊಂಡಿದ್ದ ಮನೋರಮಾಳ ಬಾಗಿಲು ತಟ್ಟಿದ್ದರು.

ಆ ಹಳೆಯ ಫೈಲಿನ ನಕಲು ಮನೋರಮಾಳ ಚೀಲದಲ್ಲಿತ್ತು. ಅದರಲ್ಲಿ ಸುಕೇಶನ ಹೇಳಿಕೆಯೂ ಇತ್ತು. 'ಆ ದಿನ ಬೆಳಗಿನಿಂದ ರಾತ್ರಿಯವರೆಗೆ ಕಾರ್ಕಳದ ಸೆಂಟರಿನಲ್ಲೇ ಇದ್ದೆ. ಕಾಪು ಕಡೆಗೆ ಹೋಗಿಯೇ ಇಲ್ಲ.' ಕೆಳಗೆ ನೀಟಾದ ಸಹಿ.

"ನಾಲ್ಕು ಗಂಟೆಗೆ ಬಿಡುಗಡೆ ಉಂಟು" ಎಂದ ಸುಕೇಶ್. ಐವತ್ತೆರಡರ ವಯಸ್ಸು, ಇಸ್ತ್ರಿ ಹಾಕಿದ ಅಂಗಿ, ಇಸ್ತ್ರಿ ಹಾಕಿದ ಮಾತು. "ಸೆಲೀನಕ್ಕ ಸಹಿ ಹಾಕಿದರೆ ವೇದಿಕೆಯಲ್ಲಿ ನೆವಿಲ್ ಹೆಸರನ್ನು ಪ್ರೀತಿಯಿಂದ ನೆನೆಯುತ್ತೇನೆ. ಸೆಂಟರಿನಲ್ಲಿ ನನಗೆ ಟೈಪ್ ಮಾಡಿಕೊಟ್ಟ ಹುಡುಗ ಅಂತ. ಹಾಕದಿದ್ದರೆ ಪತ್ರಕರ್ತರು ಕೇಳ್ತಾರೆ, ನಾನು ಹಾರ್ಡ್ ಡಿಸ್ಕಿನ ವಿಷಯವನ್ನೂ ಹೇಳಬೇಕಾಗ್ತದೆ. ನನಗೆ ಇಷ್ಟ ಇಲ್ಲ, ಆದರೆ ಎಂತ ಮಾಡುವುದು?"

"ಹೇಳಿ" ಎಂದರು ಸೆಲೀನ್. "ಇಪ್ಪತ್ತೆಂಟು ವರ್ಷ ಇಗರ್ಜಿಯ ಬಾಗಿಲಲ್ಲಿ ಕೇಳಿದ್ದೇನೆ, ಮೀನು ಮಾರ್ಕೆಟಿನಲ್ಲಿ ಕೇಳಿದ್ದೇನೆ. ಮೈಕಿನಲ್ಲಿ ಕೇಳಿದರೆ ನನ್ನ ಕಿವಿ ಹರಿದು ಹೋಗುವುದಿಲ್ಲ."

ಮನೋರಮಾಳಿಗೆ ನಗು ಬಂತು. ಈ ಹೆಂಗಸಿನ ಕೇಸು ಹಿಡಿದದ್ದಕ್ಕೆ ಅವಳು ಮನಸ್ಸಿನಲ್ಲೇ ಇನ್ನೊಮ್ಮೆ ಖುಷಿಪಟ್ಟಳು. ಆಮೇಲೆ ಚೀಲದಿಂದ ತನ್ನ ಗ್ರಾಫ್ ಪುಸ್ತಕ ತೆಗೆದು ಕೀಬೋರ್ಡಿನ ಪಕ್ಕದಲ್ಲಿಟ್ಟಳು.

ಒಂಬತ್ತನೇ ಕ್ಲಾಸಿನ ಗಣಿತದ ಪುಸ್ತಕ ಅದು. ಒಳಗೆ ಗಣಿತ ಎರಡೇ ಪುಟ, ಉಳಿದದ್ದೆಲ್ಲ ನಕ್ಷೆ. ಆಗಿನ ಆಟಗಳಲ್ಲಿ ದಾರಿ ತೋರಿಸುವ ಬಾಣ, ಮಿನುಗುವ ಚುಕ್ಕಿ ಯಾವುದೂ ಇರಲಿಲ್ಲ. ಒಂದೊಂದು ಹೆಜ್ಜೆಗೂ ಒಂದೊಂದು ಚೌಕ ಎಂದು ಆಡುವವರೇ ಪೆನ್ಸಿಲ್ ಹಿಡಿದು ಬರೆದುಕೊಳ್ಳಬೇಕಿತ್ತು. ಕಾರ್ಕಳದ ಸೆಂಟರಿನಲ್ಲಿ ಶನಿವಾರ ಹುಡುಗಿಯರಿಗೆಂದು ಇಟ್ಟಿದ್ದ ಒಂದು ಗಂಟೆಯಲ್ಲಿ ಇಡೀ ವರ್ಷ ಆಡಿ ಅವಳು ಆ ನಕ್ಷೆ ಮಾಡಿದ್ದಳು. ಅಜ್ಜಿಯ ಹೆಸರು ಹೊತ್ತು ಶಾಲೆಯಲ್ಲಿ ತಮಾಷೆಗೆ ಗುರಿಯಾಗುತ್ತಿದ್ದ ಹುಡುಗಿಗೆ ಆ ಒಂದು ಗಂಟೆ ದೊಡ್ಡ ಆಸ್ತಿಯಾಗಿತ್ತು.

"ಅಯ್ಯೋ, ಅದೆಲ್ಲ ಬೇಡ ಮಾರಾಯ್ರೆ. ಈಗ ಮೇಲಿನ ಮೂಲೆಯಲ್ಲಿ ಮ್ಯಾಪ್ ಉಂಟು. ತಪ್ಪಿದರೆ 'ಹಿಂದಿನ ಹೆಜ್ಜೆ' ಅಂತ ಒಂದು ಬಟನ್ನೂ ಉಂಟು" ಎಂದ ಸುಕೇಶ್.

"ನನಗೆ ನನ್ನದೇ ಸಾಕು."

ಇಂಗ್ಲಿಷ್ ಅಕ್ಷರಗಳಲ್ಲಿ ಎರಡೆರಡೇ ಕನ್ನಡ ಪದ ಟೈಪ್ ಮಾಡುವ ಆಟ ಅದು. ಉತ್ತರಕ್ಕೆ ನಡೆ. ಲಾಟೀನು ಹಿಡಿ. ಬಾಗಿಲು ತಳ್ಳು. ಮೊದಲ ಐದು ನಿಮಿಷ ಅವಳು ಪುಸ್ತಕ ನೋಡಿ ಆಡಿದಳು. ಆಮೇಲೆ ಪುಸ್ತಕ ಬೇಕಾಗಲಿಲ್ಲ, ಬೆರಳುಗಳಿಗೇ ದಾರಿ ಗೊತ್ತಿತ್ತು. ಕಾಪುವಿನ ಮರಳು, ಕಪ್ಪು ಬಿಳಿ ಪಟ್ಟೆಯ ದೀಪಸ್ತಂಭ, ಸೀಮೆಎಣ್ಣೆ ಮುಗಿಯುವುದರೊಳಗೆ ಹತ್ತಿ ಮುಗಿಸಬೇಕಾದ ಮೆಟ್ಟಿಲು.

ಹೊಸ ಚಿತ್ರಗಳು ಚೆನ್ನಾಗಿದ್ದವು, ಅದೇ ಅವುಗಳ ದೋಷ. ಹಿಂದೆ ಕಪ್ಪು ಪರದೆಯ ಮೇಲೆ 'ಮೇಲಿನಿಂದ ಯಾರೋ ಇಳಿದು ಬರುತ್ತಿದ್ದಾರೆ' ಎಂದು ಬರೆದಿದ್ದರೆ ಹದಿನಾಲ್ಕರ ಹುಡುಗಿಯ ಕೈ ತಣ್ಣಗಾಗುತ್ತಿತ್ತು. ಈಗ ಆ 'ಯಾರೋ' ಬಣ್ಣದ ಅಂಗಿ ತೊಟ್ಟು ಕಣ್ಣೆದುರೇ ಬರುತ್ತಿದ್ದ, ಮತ್ತೆ ಹೆದರಿಕೆ ಎಲ್ಲಿಂದ ಬರಬೇಕು? ಆದರೆ ಚಿತ್ರದ ಕೆಳಗಿನ ಸಾಲುಗಳು ಹಾಗೆಯೇ ಇದ್ದವು. ಅವು ನೆವಿಲ್‌ನ ಸಾಲುಗಳು ಎಂದು ಅವಳು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡಿ ಹೇಳುತ್ತಿದ್ದಳು. ಅದಕ್ಕೆ ಸಾಕ್ಷಿ ಇಲ್ಲದ್ದೇ ಅವಳ ಸಂಕಟ.

ಐವತ್ತು ನಿಮಿಷಗಳಾದ ಮೇಲೆ ಅವಳು ಆ ಕೋಣೆಗೆ ಬಂದು ನಿಂತಳು.

'ಊಟದ ಕೋಣೆ. ಮೇಜಿನ ಮೇಲೆ ನಾಲ್ಕು ತಟ್ಟೆ. ಮೊರದಲ್ಲಿ ಭತ್ತದ ತೆನೆಯ ಕಟ್ಟು. ಎದುರಿಗೆ ಮುಚ್ಚಿದ ಬಾಗಿಲು. ಎಷ್ಟು ತೆನೆ ತೆಗೆಯುವಿರಿ?'

ಅಂದು ಅವಳು ಈ ಕೋಣೆಯನ್ನು ಎರಡೇ ಸಲ ಮುಟ್ಟಿದ್ದಳು. ಮೊದಲ ಸಲ ತಟ್ಟೆ ನೋಡಿ 'ನಾಲ್ಕು' ಎಂದು ಒತ್ತಿದಾಗ, 'ನೀವು ಈ ಮನೆಯವರಲ್ಲ' ಎಂದು ಹೇಳಿ ಆಟ ಅವಳನ್ನು ಮೊದಲಿನ ಮರಳಿಗೆ ಎಸೆದಿತ್ತು. ಎರಡನೇ ಸಲ ಬೆರಳು ಕೀಲಿಯ ಮೇಲಿಡುವಷ್ಟರಲ್ಲಿ ಕೌಂಟರಿನಿಂದ ಎದ್ದು ಬಂದ ಸುಕೇಶ್ ಪರದೆಯ ಸ್ವಿಚ್ ಆರಿಸಿದ್ದ. "ಹುಡುಗಿಯರ ಗಂಟೆ ಮುಗಿಯಿತು. ಇದನ್ನೆಲ್ಲ ಮುಗಿಸುವುದು ನಿಮ್ಮಿಂದ ಆಗುವುದಲ್ಲ, ಏಳು." ಗಡಿಯಾರದಲ್ಲಿ ಇನ್ನೂ ಏಳು ನಿಮಿಷ ಬಾಕಿ ಇತ್ತು. ಆ ಏಳು ನಿಮಿಷಗಳನ್ನು ಅವಳು ಇವತ್ತಿಗೂ ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ.

ಅಂದು ಅವಳು ಅಳುತ್ತ ಮೆಟ್ಟಿಲಿಳಿಯುವಾಗ ನೆವಿಲ್ ಹಿಂದೆಯೇ ಬಂದು ಅವಳ ಗ್ರಾಫ್ ಪುಸ್ತಕ ಇಸಿದುಕೊಂಡು ಕೊನೆಯ ಪುಟದಲ್ಲಿ ಏನೋ ಬರೆದುಕೊಟ್ಟಿದ್ದ. ಆರನೇ ದಿನಕ್ಕೆ ಅವನೇ ಇಲ್ಲವಾದ, ಸೆಂಟರಿಗೆ ಬೀಗ ಬಿತ್ತು. ಬರೆದದ್ದರ ಅರ್ಥ ಅವಳಿಗೆ ಆಗಲೇ ಇಲ್ಲ.

ಮನೋರಮಾ ಕುರ್ಚಿಯನ್ನು ಸ್ವಲ್ಪ ತಿರುಗಿಸಿದಳು.

"ಆಟ ಬರೆದವರು ನೀವು. ಹೇಳಿ, ಎಷ್ಟು ತೆನೆ?"

ಅವನು ತಡವರಿಸುತ್ತಾನೆ, ನಾಲ್ಕು ಎನ್ನುತ್ತಾನೆ, ಅಲ್ಲಿಗೆ ಮುಗಿಯಿತು ಎಂದು ಅವಳ ಲೆಕ್ಕಾಚಾರ. ಸುಕೇಶ್ ತಡವರಿಸಲಿಲ್ಲ.

"ಏಳು. ಒತ್ತಿ ನೋಡಿ."

ಅವಳು ಒತ್ತಿದಳು. ಬಾಗಿಲು ತೆರೆಯಿತು. ಒಳಗಿನ ಕತ್ತಲಲ್ಲಿ ಒಂದು ದೀಪದ ಚಿತ್ರ, ಅದರ ಕೆಳಗೆ ಒಂದೇ ಸಾಲು. 'ಬರುವ ಹಬ್ಬಕ್ಕೆ ಎಂಟು ತನ್ನಿ.'

"ಅದು ಎರಡನೇ ಭಾಗ ಬರ್ತದೆ ಅಂತ ಸೂಚನೆ. ಬರೆದವನಿಗಲ್ಲದೆ ಇದು ಯಾರಿಗೆ ಗೊತ್ತಿರ್ತದೆ, ಅಲ್ವಾ?" ಎಂದ ಸುಕೇಶ್, ಮತ್ತು ನಿಜವಾಗಿಯೂ ಎದ್ದು ನಿಂತು ಮೂರು ಸಲ ಚಪ್ಪಾಳೆ ತಟ್ಟಿದ.

ಮನೋರಮಾಳ ಮುಖ ಬಿಸಿಯಾಯಿತು. ತಾನು ತೋಡಿದ ಗುಂಡಿಯಲ್ಲಿ ತಾನೇ ಕಾಲಿಟ್ಟ ಹಾಗಾಗಿತ್ತು. ಅವಳು ಸೆಲೀನರತ್ತ ನೋಡಲು ಹಿಂಜರಿದಳು. ಆದರೆ ಸೆಲೀನ್ ಆಗಲೇ ಸೋಫಾದಿಂದ ಎದ್ದು ಪರದೆಯ ಹತ್ತಿರ ಬಂದಿದ್ದರು. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು.

"ಏಳು ಯಾಕೆ?" ಎಂದರು. "ಅದು ಐದು ಅಲ್ವಾ?"

"ಎಂತ ಐದು?" ಎಂದ ಸುಕೇಶ್.

"ಈ ಬಾಗಿಲಿಗೆ ಐದು. ನಾನೇ ಒತ್ತಿದ್ದೇನೆ, ನನ್ನದೇ ಬೆರಳಿನಲ್ಲಿ. ಆ ವರ್ಷದ ಮೊಂತಿ ಫೆಸ್ತಿಗೆ ನೆವಿಲ್ ಕಾರ್ಕಳದಿಂದ ರಿಕ್ಷಾದಲ್ಲಿ ಕಂಪ್ಯೂಟರ್ ಹೇರಿಕೊಂಡು ಮನೆಗೆ ಬಂದಿದ್ದ. ಇದು ನಮ್ಮ ಮನೆಯ ಊಟದ ಕೋಣೆ, ಅಕ್ಕ, ನೀನೇ ತೆರೆ ಅಂದ. ಐದು ಒತ್ತಿದೆ. 'ಮನೆಗೆ ಬಂದಿರಿ, ಊಟ ಮಾಡಿ' ಅಂತ ಬಂತು. ಎಂಟು ಗಿಂಟು ಏನೂ ಇರಲಿಲ್ಲ."

ಮೊಂತಿ ಫೆಸ್ತ್ ಎಂದರೆ ಕರಾವಳಿಯ ಕ್ರೈಸ್ತರ ಸೆಪ್ಟೆಂಬರಿನ ತೆನೆ ಹಬ್ಬ. ನೆರೆಮನೆಯವರ ಆ ಹಬ್ಬದ ಊಟವನ್ನು ಮನೋರಮಾ ಚಿಕ್ಕಂದಿನಲ್ಲಿ ಎಷ್ಟೋ ಸಲ ಉಂಡಿದ್ದಳು. ಬಾಳೆಲೆ, ಬಗೆಬಗೆಯ ತರಕಾರಿ, ಹೊಸ ಭತ್ತದ ಕಾಳು ಅರೆದು ಹಾಕಿದ ಪಾಯಸ. ಆದರೆ ತೆನೆಗೆ ಒಂದು ಎಣಿಕೆ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಐದು ಯಾಕೆ, ಸೆಲೀನಕ್ಕ? ತಟ್ಟೆ ನಾಲ್ಕೇ ಉಂಟಲ್ಲ?"

"ತಟ್ಟೆ ಎಣಿಸುವುದಲ್ಲ. ನಮ್ಮ ಅಮ್ಮ ಇಗರ್ಜಿಯಿಂದ ಆಶೀರ್ವಾದದ ತೆನೆ ತರುವಾಗ ಮನೆಗೆ ಸೇರಿದವರು ಎಷ್ಟು ಜನವೋ ಅಷ್ಟು ತರ್ತಿದ್ದರು. ಊಟಕ್ಕೆ ಕೂತವರು ಎಷ್ಟು ಅಂತ ಅಲ್ಲ. ದೂರ ಇರುವವರ ತೆನೆ ಕವರಿಗೆ ಹಾಕಿ ಪೋಸ್ಟ್ ಮಾಡುವುದು. ಆಗ ಅಪ್ಪ, ಅಮ್ಮ, ನಾನು, ನೆವಿಲ್, ಮೇಜಿನಲ್ಲಿ ನಾಲ್ಕು ಜನ. ಇನ್ನೊಬ್ಬ ತಮ್ಮ ಬ್ರ್ಯಾಂಡನ್ ಕುವೈತಿನಲ್ಲಿದ್ದ. ಐದು."

ಮನೋರಮಾಳ ಕೈ ತಾನಾಗಿ ಗ್ರಾಫ್ ಪುಸ್ತಕದ ಕೊನೆಯ ಪುಟಕ್ಕೆ ಹೋಯಿತು. ಮಸುಕಾದ ಪೆನ್ಸಿಲಿನ ಸಾಲು, ಕೆಳಗೆ ಹೆಸರು, ತಾರೀಕು. 'ಬಾರದವರನ್ನೂ ಎಣಿಸು. ನೆವಿಲ್, 4-10-97.'

ಅಳುತ್ತಿದ್ದ ಒಂದು ಹುಡುಗಿಗೆ ಅವನು ಉತ್ತರವನ್ನೇ ಬರೆದುಕೊಟ್ಟಿದ್ದ. ಅದನ್ನು ಓದಲು ಅವಳಿಗೆ ಇಷ್ಟು ವರ್ಷ ಬೇಕಾಯಿತು.

ಪುಸ್ತಕವನ್ನು ತಿರುಗಿಸಿ ಸುಕೇಶನ ಮುಂದೆ ತಳ್ಳಿದಳು. ಅದರ ಪಕ್ಕದಲ್ಲೇ ಸಂಜೆಯ ಸಮಾರಂಭದ ಆಮಂತ್ರಣ ಪತ್ರ ಇಟ್ಟಳು. ಅವನ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. '1997ರ ಮೂಲ ಆಟ. ಚಿತ್ರಗಳಷ್ಟೇ ಹೊಸತು. ಬರಹದ ಒಂದು ಚುಕ್ಕಿಯೂ ಬದಲಾಗಿಲ್ಲ.'

"ಚುಕ್ಕಿ ಬದಲಾಗಿಲ್ಲ. ಐದು ಏಳಾದದ್ದು ಹೇಗೆ?"

"ಸೆಲೀನಕ್ಕನಿಗೆ ನೆನಪು ತಪ್ಪಿರಬಹುದು."

"ಪೆನ್ಸಿಲಿಗೂ ನೆನಪು ತಪ್ಪಿತಾ?"

"ಹಾಗಾದರೆ ನಾನೇ ಬದಲಾಯಿಸಿರಬೇಕು. ಹಳೆಯ ಮಾತು, ಯಾರಿಗೆ ನೆನಪುಂಟು? ಏಳು ಒಳ್ಳೆಯ ಸಂಖ್ಯೆ ಅಲ್ವಾ, ಅದಕ್ಕೇ ಇಟ್ಟಿರಬೇಕು."

"ನಿಮ್ಮ ಆಟ, ನಿಮ್ಮ ಬಾಗಿಲು. ಏಳು ಯಾಕೆ ಅಂತ ನಿಮಗೇ ಗೊತ್ತಿಲ್ಲ. ಉತ್ತರ ಯಾರು ಹೇಳಿಕೊಟ್ಟರು?"

ಸುಕೇಶ್ ಕರವಸ್ತ್ರಕ್ಕಾಗಿ ತಡಕಾಡುವವನಂತೆ ಜೇಬು ಮುಟ್ಟಿಕೊಂಡ. "ನಮ್ಮ ಆಫೀಸಿನ ಹುಡುಗರು ಒಂದೊಂದೇ ಸಂಖ್ಯೆ ಒತ್ತಿ ನೋಡಿದ್ದಾರೆ. ಏಳಕ್ಕೆ ತೆರೆಯಿತು. ಅದರಲ್ಲೆಂತ ತಪ್ಪುಂಟು?"

"ಅಂದರೆ ಬರೆದವರು ನೀವಲ್ಲ. ಆಟ ಎಲ್ಲಿಂದ ಬಂತು?"

ಉತ್ತರಕ್ಕೆ ಮನೋರಮಾ ಕಾಯಲಿಲ್ಲ. ತಾನು ಬೇಡವೆಂದಿದ್ದ 'ಹಿಂದಿನ ಹೆಜ್ಜೆ' ಬಟನ್ನನ್ನೇ ಒತ್ತಿ ಊಟದ ಕೋಣೆಗೆ ಮರಳಿದಳು. ಈ ಸಲ 'ಐದು' ಎಂದು ಒತ್ತಿದಳು.

'ನೀವು ಈ ಮನೆಯವರಲ್ಲ' ಎಂದಿತು ಆಟ. ಪರದೆಯ ತುಂಬ ಕಾಪುವಿನ ಮರಳು.

ಸೆಲೀನ್ ಒಂದು ಹೆಜ್ಜೆ ಹಿಂದೆ ಸರಿದರು. ತಮ್ಮನೇ ಕಟ್ಟಿದ ಮನೆಯ ಬಾಗಿಲಲ್ಲಿ ಆ ಮಾತು ಕೇಳಿ ಅವರಿಗೆ ನೋವಾಗಿತ್ತು, ಅದನ್ನು ಅವರು ಮುಚ್ಚಿಡಲೂ ಹೋಗಲಿಲ್ಲ. "ನನ್ನನ್ನೇ ಹೊರಗೆ ಹಾಕಿತಲ್ಲ" ಎಂದರು.

"ಸೆಲೀನಕ್ಕ" ಎಂದಳು ಮನೋರಮಾ ನಿಧಾನವಾಗಿ. "ಕಳೆದ ಸೆಪ್ಟೆಂಬರಿನಲ್ಲಿ ನೀವು ಇಗರ್ಜಿಯಿಂದ ಎಷ್ಟು ತೆನೆ ತಂದಿರಿ?"

"ಈಗ ಅಪ್ಪ ಅಮ್ಮ ಇಲ್ಲ. ತೀರಿಹೋದವರಿಗೆ ತೆನೆ ಇಲ್ಲ, ಅವರಿಗೆ ಇಗರ್ಜಿಯಲ್ಲಿ ಪೂಜೆ ಕೊಡುವುದು." ಸೆಲೀನ್ ಬೆರಳು ಮಡಚತೊಡಗಿದರು. "ನಾನು, ನನ್ನ ಗಂಡ ಮೌರಿಸ್, ಮಗ, ಸೊಸೆ. ಕುವೈತಿನಲ್ಲಿ ಬ್ರ್ಯಾಂಡನ್. ಮತ್ತೆ ನೆವಿಲ್. ಆರು."

"ನೆವಿಲ್‌ಗೂ ತರ್ತೀರಾ?"

"ತೀರಿಹೋದವರಿಗೆ ಇಲ್ಲ ಅಂತ ಹೇಳಿದೆನಲ್ಲ. ಅವನಿಗೆ ತರ್ತೇವೆ." ಸೆಲೀನರ ಸ್ವರ ಗಟ್ಟಿಯಾಗಿತ್ತು. "ಅಮ್ಮ ಸಾಯುವಾಗ ಹೇಳಿ ಹೋದದ್ದು ಅದೊಂದೇ. ಅವನ ಕವರಿನ ಮೇಲೆ ಬರೆಯಲು ವಿಳಾಸ ಇಲ್ಲ. ಇಪ್ಪತ್ತೆಂಟು ಕವರು ಮನೆಯ ದೇವರ ಆಲ್ತಾರಿನ ಖಾನೆಯಲ್ಲಿ ಉಂಟು."

ಮನೋರಮಾಳ ಬೆರಳು ಆರರ ಕೀಲಿಯ ಮೇಲೆ ನಿಂತಿತ್ತು. ಒತ್ತುವ ಮೊದಲು ಸೆಲೀನ್ ಅವಳ ಭುಜ ಹಿಡಿದರು.

"ಇಲ್ಲ, ತಪ್ಪಿತು. ಈ ಸಲ ಏಳು ತಂದದ್ದು. ಡೆನ್ವರ್ ಇದ್ದಾನಲ್ಲ, ನನ್ನ ಮೊಮ್ಮಗ. ಜೂನಿನಲ್ಲಿ ಹುಟ್ಟಿದ್ದು. ಹಲ್ಲಿಲ್ಲದವನಿಗೂ ಒಂದು ತೆನೆ ಅಂತ ಮನೆಯಲ್ಲಿ ಎಲ್ಲರೂ ನಗಾಡಿದ್ದರು."

ಸುಕೇಶನ ಮುಖದಲ್ಲಿದ್ದ ಇಸ್ತ್ರಿ ಒಂದೊಂದೇ ಕಡೆ ಸುಕ್ಕಾಗುತ್ತಿತ್ತು.

"ಆಟ ನಿಮ್ಮ ಕೈಗೆ ಯಾವಾಗ ಬಂತು?" ಎಂದು ಮನೋರಮಾ ಕೇಳಿದಳು.

"ಕಳೆದ ಅಕ್ಟೋಬರಿನಲ್ಲಿ" ಎಂದ ಸುಕೇಶ್. ಅವನ ಸ್ವರ ಕೆಳಗಿಳಿದಿತ್ತು. "ಹೆಬ್ರಿಯಿಂದ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು. ಒಳಗೆ ಒಂದು ಸಿಡಿ ಅಷ್ಟೇ. ಕಳುಹಿಸಿದವರ ಹೆಸರಿರಲಿಲ್ಲ. ಸೆಂಟರಿನ ಹಳೆಯ ಮಾಲೀಕರ ಮನೆಯವರು ಅಟ್ಟ ಗುಡಿಸುವಾಗ ಸಿಕ್ಕಿ ಕಳಿಸಿರಬೇಕು ಅಂದುಕೊಂಡೆ."

"ಅಟ್ಟದ ಸಿಡಿಗೆ ಡೆನ್ವರ್ ಹುಟ್ಟಿದ್ದು ಗೊತ್ತಾಗುವುದಿಲ್ಲ."

ಅವಳು 'ಹಿಂದಿನ ಹೆಜ್ಜೆ' ಒತ್ತಿ, ಏಳು ಒತ್ತಿದಳು. ಬಾಗಿಲು ಮತ್ತೆ ತೆರೆಯಿತು, ದೀಪ ಮತ್ತೆ ಬಂತು. ಸ್ವಲ್ಪ ಹೊತ್ತಿನ ಹಿಂದೆ ಎರಡನೇ ಭಾಗದ ಜಾಹೀರಾತಿನಂತೆ ಕಂಡಿದ್ದ ಸಾಲನ್ನು ಈಗ ಸೆಲೀನ್ ಒಂದೊಂದೇ ಪದ ಬಿಡಿಸಿ ಓದಿದರು.

"ಬರುವ ಹಬ್ಬಕ್ಕೆ ಎಂಟು ತನ್ನಿ."

ಓದಿ ಮುಗಿಸುವಾಗ ಅವರ ಕೆನ್ನೆ ಒದ್ದೆಯಾಗಿತ್ತು, ಆದರೆ ಬೆನ್ನು ನೆಟ್ಟಗಿತ್ತು. ಅವರು ಮೇಜಿನ ಮೇಲಿದ್ದ ಕಾಗದವನ್ನು ಎತ್ತಿಕೊಂಡು ಎರಡಾಗಿ ಹರಿದರು, ಎರಡನ್ನು ನಾಲ್ಕು ಮಾಡಿದರು, ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ಸುಕೇಶನ ಮುಂದಿಟ್ಟರು.

"ನನ್ನ ತಮ್ಮ ಇದ್ದಾನೆ. ಇರುವವನ ಬದಲಿಗೆ ನಾನು ಯಾಕೆ ಸಹಿ ಹಾಕಲಿ?" ಎಂದರು. ಆಮೇಲೆ ಮನೋರಮಾಳ ಕಡೆಗೆ ತಿರುಗಿ, "ಆದರೆ ಎಂಟನೆಯದು ಯಾರು? ನಮ್ಮ ಮನೆಯಲ್ಲಿ ಇನ್ನು ಯಾರೂ ಇಲ್ಲ" ಎಂದರು.

ಮನೋರಮಾಳಿಗೆ ಅದು ಗೊತ್ತಿರಲಿಲ್ಲ. ಅವಳ ಮನಸ್ಸು ಆಗಲೇ ಹೆಬ್ರಿಯ ಬಸ್ಸಿನ ಬೆನ್ನು ಹತ್ತಿತ್ತು. ಆದರೆ ಕಣ್ಣು ಮಾತ್ರ ಸುಕೇಶನ ಕೈಯ ಮೇಲಿತ್ತು. ಅದು ಮೇಜಿನ ಅಂಚಿನಲ್ಲಿ ಜಾರುತ್ತ ಪರದೆಯ ಸ್ವಿಚ್ಚಿನ ಕಡೆಗೆ ಹೊರಟಿತ್ತು.

ಅವನ ಬೆರಳು ತಲುಪುವ ಮೊದಲೇ ಅವಳ ಅಂಗೈ ಸ್ವಿಚ್ಚಿನ ಮೇಲಿತ್ತು.

"ಹುಡುಗಿಯರ ಗಂಟೆ ಇನ್ನೂ ಮುಗಿದಿಲ್ಲ" ಎಂದಳು. "ಏಳು ನಿಮಿಷ ಬಾಕಿ ಉಂಟು."

ಸುಕೇಶ್ ಅವಳ ಮುಖವನ್ನು ದಿಟ್ಟಿಸಿದ. ಕಾರ್ಕಳದ ಮಹಡಿ ಮೆಟ್ಟಿಲಲ್ಲಿ ಅಳುತ್ತ ಇಳಿದಿದ್ದ ಜಡೆಯ ಹುಡುಗಿಯನ್ನು ಅವನು ಈಗಷ್ಟೇ ಗುರುತು ಹಿಡಿದ ಹಾಗಿತ್ತು. ಅವನ ಹಣೆಯಲ್ಲಿ ಬೆವರು ಮೂಡಿತ್ತು.

"ನೀವಿಬ್ಬರೂ ಸುಮ್ಮನೆ ಎಂತದೋ ಕಟ್ಟಿಕೊಳ್ಳುತ್ತಿದ್ದೀರಿ" ಎಂದ. "ಅವನು ಬರೆದಿರಲು ಸಾಧ್ಯವೇ ಇಲ್ಲ. ನಿಮಗೆ ಗೊತ್ತಿಲ್ಲ. ಆ ಅಲೆ ಎಳೆದುಕೊಂಡ ಮೇಲೆ ಯಾರಿಂದಲೂ ಎದ್ದು ಬರಲು ಆಗ್ತಿರಲಿಲ್ಲ."

ಹೇಳಿ ಮುಗಿದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು.

ಮನೋರಮಾ ಅಂಗೈಯನ್ನು ಸ್ವಿಚ್ಚಿನ ಮೇಲಿಂದ ತೆಗೆಯಲಿಲ್ಲ. ಇನ್ನೊಂದು ಕೈಯಿಂದ ಚೀಲದೊಳಗಿನ ಹೇಳಿಕೆಯ ನಕಲನ್ನು ಹೊರಗೆಳೆದು, ನೀಟಾದ ಸಹಿ ಮೇಲೆ ಬರುವಂತೆ ಕಾಗದದ ಚೂರುಗಳ ಪಕ್ಕದಲ್ಲಿಟ್ಟಳು. ಪ್ರಶ್ನೆ ಕೇಳಲು ಬಾಯಿ ತೆರೆದಳು. ಆದರೆ ಅದನ್ನು ಕೇಳುವ ಹಕ್ಕು ತನಗಿಂತ ಹೆಚ್ಚಾಗಿ ಇನ್ನೊಬ್ಬರದ್ದು ಎಂದು ಸೆಲೀನರತ್ತ ನೋಡಿದಳು.

ಸೆಲೀನ್ ಮೇಜಿನ ಇನ್ನೊಂದು ಬದಿಗೆ ನಡೆದು ಹೋಗಿ, ಸುಕೇಶನ ಕುರ್ಚಿಗೆ ತಾಗುವಷ್ಟು ಹತ್ತಿರ ನಿಂತರು.

"ಯಾವ ಅಲೆ, ಸುಕೇಶ್?"